ಯಾವುದಕ್ಕಿಂತಪ್ಪನವರ ಸೊಟ್ಟ ತಕ್ಕಡಿ

ಆ ಮನುಷ್ಯನೆದುರು ಯಾವುದನ್ನಾದರೂ ‘ಚೆನ್ನಾಗಿದೆ’ ಎಂದು ಹೊಗಳಿ ಪಾರಾದವರನ್ನು ನಾನು ಕಂಡಿಲ್ಲ. ಚಹಾ ಚೆನ್ನಾಗಿದೆ ಎಂದರೆ, ಲೋಟ ಕೆಳಗಿಡುವ ಮೊದಲೇ, ಮೂಗಿನ ತುದಿಗೆ ಜಾರಿದ ಕನ್ನಡಕದ ಮೇಲಿಂದ ನೋಡುತ್ತ ‘ಯಾವುದಕ್ಕಿಂತ?’ ಎನ್ನುತ್ತಿದ್ದರು. ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷಿಸುವುದು ಅವರ ಕಸುಬು. ದಿನವಿಡೀ ಗಾಜು ಬದಲಿಸುತ್ತ ‘ಈಗ ಚೆನ್ನಾಗಿ ಕಾಣತ್ತೋ, ಆಗ ಕಾಣ್ತಿತ್ತೋ?’ ಎಂದು ಕೇಳಿ ಕೇಳಿ, ಹೋಲಿಕೆಯಿಲ್ಲದ ಹೊಗಳಿಕೆಯೆಲ್ಲ ಅವರಿಗೆ ಅರ್ಧಕ್ಕೆ ನಿಂತ ವಾಕ್ಯದಂತೆ ಕೇಳಿಸುತ್ತಿತ್ತು. ಬೀದಿಯವರು ಅವರಿಗೆ ಯಾವುದಕ್ಕಿಂತಪ್ಪ ಎಂದೇ ನಾಮಕರಣ ಮಾಡಿದ್ದರು. ‘ಈ ಹೆಸರು ನಿಮಗೆ ಚೆನ್ನಾಗಿ ಒಪ್ಪತ್ತೆ ಕಣ್ರೀ’ ಎಂದು ಹೆಂಡತಿ ಛೇಡಿಸಿದಾಗಲೂ ಅವರ ಬಾಯಿಂದ ಬಂದದ್ದು ಅದೇ ಪ್ರಶ್ನೆ.

ಅವರ ನಡಿಗೆ, ಮಲಗಿದ ಕೂಸಿನ ಮಗ್ಗುಲಿಂದ ಎದ್ದು ಬರುವವರ ನಡಿಗೆ. ನಡುಬೀದಿಯಲ್ಲೂ ಹಿಮ್ಮಡಿ ಊರದೆ ನಡೆಯುತ್ತಿದ್ದರು. ಅದು ಅವರ ಹವ್ಯಾಸ ಕೊಟ್ಟ ಬಳುವಳಿ. ರಜೆಯ ದಿನ ಮನೆಯ ಮುಂಗೋಣೆಯಲ್ಲಿ ಕುಳಿತು ಅವರು ಇಯರ್‌ಫೋನುಗಳ ದನಿಯನ್ನು ಅಳೆಯುತ್ತಿದ್ದರು. ಅಳೆಯುವ ಮುನ್ನ ಗೋಡೆ ಗಡಿಯಾರ ನಿಲ್ಲಬೇಕು, ಫ್ರಿಜ್ಜು ಬಾಯಿ ಮುಚ್ಚಬೇಕು, ಸರಬರ ಎನ್ನುವ ಅಸ್ತರಿನ ಅವರ ಕಂದು ಕೋಟು ಮೊಳೆಗೇರಬೇಕು. ಉಸಿರಾಡುವ ಹಕ್ಕುಳ್ಳ ಉಳಿದ ಪ್ರಾಣಿಗಳಾದ ಹೆಂಡತಿ, ಆ ಹೊತ್ತಿಗೆ ಹೋಗಿ ಸಿಕ್ಕಿಬಿದ್ದ ನಾನು, ಅಡುಗೆಮನೆಯೊಳಗೆ ಬಾಗಿಲು ಹಾಕಿಕೊಂಡು ಕೂರಬೇಕು. ‘ನಾನು ಕಟ್ಕೊಂಡಿದ್ದು ಗಂಡನ್ನೋ, ಪರೀಕ್ಷೆ ಹಾಲ್‌ನ ಮೇಷ್ಟ್ರನ್ನೋ!’ ಎಂದು ಆಕೆ ಪಿಸುಗುಡುವಳು. ಮುಂಗೋಣೆಯಿಂದ ‘ಶ್!’ ಎಂಬ ತೀರ್ಪು ಬರುವುದು.

ಸಲಕರಣೆಗಳನ್ನು ಕಂಡರೆ ನಗು ಬರುತ್ತಿತ್ತು. ಅಂಗಿಯ ಕಾಲರಿಗೆ ಸಿಕ್ಕಿಸುವ ಅಗ್ಗದ ಮೈಕು. ಮೀನಿನ ತೊಟ್ಟಿಗೆ ಗಾಳಿಯೂದುವ ಕೊಳವೆಯಿಂದ ಕತ್ತರಿಸಿದ ಬೆರಳುದ್ದದ ತುಂಡು. ಕೀಲು ಸಡಿಲಾದ ಲ್ಯಾಪ್‌ಟಾಪು. ಕೊಳವೆಯ ಒಂದು ಬಾಯಿಗೆ ಮೈಕು, ಇನ್ನೊಂದಕ್ಕೆ ಇಯರ್‌ಫೋನು. ಕಂಪ್ಯೂಟರು ಹುಲಿಯ ಗುರುಗುಟ್ಟುವಿಕೆಯಿಂದ ಸೊಳ್ಳೆಯ ಗುಂಯ್‌ಕಾರದವರೆಗೆ ಒಂದೇ ಸ್ವರವನ್ನು ಏರಿಸುತ್ತ ಹೋಗುತ್ತದೆ. ಯಾವ ಎತ್ತರದಲ್ಲಿ ಇಯರ್‌ಫೋನು ಅರಚುತ್ತದೆ, ಎಲ್ಲಿ ಮಂಕಾಗುತ್ತದೆ ಎಂಬುದು ಪರದೆಯ ಮೇಲೆ ಒಂದು ಗೆರೆಯಾಗಿ ಮೂಡುತ್ತದೆ.

‘ಇಷ್ಟು ಅಗ್ಗದ ಮೈಕು ಸುಳ್ಳು ಹೇಳಲ್ವೇನ್ರೀ?’ ಎಂದು ಕೇಳಿದ್ದೆ.

‘ಹೇಳತ್ತೆ. ನನ್ನ ತಕ್ಕಡಿ ಸೊಟ್ಟ, ಬರಹಗಾರ್ರೆ. ಆದ್ರೆ ಎಲ್ರಿಗೂ ಒಂದೇ ಸೊಟ್ಟ.’

ಆ ಸೊಟ್ಟನ್ನು ಹಿಡಿಯಲು ಅವರ ಬಳಿ ಮುದುಕನಿದ್ದ. ಮುದುಕನೆಂದರೆ ಒಂದು ಹಳೆಯ ಕಪ್ಪು ಇಯರ್‌ಫೋನು. ಅದರ ನಿಜವಾದ ಗೆರೆಯನ್ನು ದೊಡ್ಡ ಪ್ರಯೋಗಾಲಯವೊಂದು ಎಂದೋ ಪ್ರಕಟಿಸಿತ್ತು. ಪ್ರತಿ ಸಲವೂ ಮೊದಲು ಮುದುಕನನ್ನು ಅಳೆದು, ಪ್ರಯೋಗಾಲಯದ ಗೆರೆಗೂ ತಮ್ಮ ಗೆರೆಗೂ ಇರುವ ಅಂತರವನ್ನು ಕಂಡುಕೊಂಡು, ಹೊಸದನ್ನು ಅಳೆದಾಗ ಅಷ್ಟನ್ನು ಕಳೆಯುತ್ತಿದ್ದರು. ಹಾಗೆ ಸಿಕ್ಕಿದ ಗೆರೆ ಅವರ ಜಾಲತಾಣಕ್ಕೆ ಏರುತ್ತಿತ್ತು. ಡಬ್ಬಿಯ ಮೇಲೆ ‘ದಿವ್ಯನಾದ’ ಎಂದು ಚಿನ್ನದಕ್ಷರದಲ್ಲಿ ಬರೆದು ತಗಡಿನ ದನಿ ಮಾರುವ, ಕೇಳಿದರೆ ‘ನಿಮ್ಮ ಕಿವಿ ಪಳಗಿಲ್ಲ’ ಎಂದು ಕೊಂಡವನನ್ನೇ ಗದರಿಸುವ ನಿರ್ಲಜ್ಜ ವ್ಯಾಪಾರದ ನಡುವೆ, ಆ ಪುಟವನ್ನು ನಂಬಿದವರು ಬಹಳ ಮಂದಿಯಿದ್ದರು.

ಹೆಂಡತಿಯ ತಮ್ಮ ಪಕ್ಕದ ಬೀದಿಯಲ್ಲಿ ಒಂದು ಸಣ್ಣ ಕಾರ್ಯಾಗಾರ ನಡೆಸುತ್ತಿದ್ದ. ಅನ್ಯರ ಹೆಸರಿನ ಇಯರ್‌ಫೋನು ಜೋಡಿಸಿ ಸಾಕಾಗಿ, ತನ್ನದೇ ಹೆಸರಿನ ಮೊದಲನೆಯದನ್ನು ಮಾಡಿ, ಅಂಗಡಿಗಳಿಗೂ ಕೊಟ್ಟು, ಮಗುವನ್ನು ಎತ್ತಿಕೊಂಡು ಬಂದಂತೆ ತಂದ.

‘ಭಾವ, ಇದನ್ನೂ ಅಳೀರಿ. ಬಂದ ಹಾಗೇ ಹಾಕಿ.’

ಅಂದು ಬೆಳಿಗ್ಗೆ ತಾನೇ ಅವರು ಗಟ್ಟಿಯಾಗಿದ್ದ ಹಳೆಯ ಕೊಳವೆಯನ್ನು ಎಸೆದು ಹೊಸತು ಕತ್ತರಿಸಿದ್ದರು. ಮೊದಲು ಮುದುಕನನ್ನು ಅಳೆಯಬೇಕಿತ್ತು. ಆದರೆ ಭಾವಮೈದುನನನ್ನು ಕಾಯಿಸಿದರೆ ಏನೋ ಒಳಗೊಳಗೇ ಸರಿಮಾಡಿಕೊಡುತ್ತಿದ್ದೇನೆ ಎಂದು ಅವನಿಗಾಗಲಿ ಎದುರಿಗಿದ್ದ ನನಗಾಗಲಿ ಅನ್ನಿಸಬಾರದಲ್ಲ! ಹಿಂದಿನ ವಾರದ ಅಂತರವನ್ನೇ ಕಳೆದರು. ಗೆರೆ, ಸಕಾರ ಶಕಾರಗಳು ಹುಟ್ಟುವ ಎತ್ತರದಲ್ಲಿ, ಸೂಜಿಯಂತೆ ಮೇಲೆದ್ದಿತು.

‘ಇನ್ನೊಂದ್ಸಲ ನೋಡಿ ಭಾವ.’

‘ನೆಂಟ ಅಂತ ಎರಡು ಸಲ ನೋಡಕ್ಕಾಗಲ್ಲ.’

ಅಪರಿಚಿತರು ಕೇಳಿದ್ದರೆ ಮೂರು ಸಲ ನೋಡುತ್ತಿದ್ದರು.

‘ಕಿವಿಗೆ ಸೂಜಿ’ ಎಂಬ ತಲೆಬರಹದಲ್ಲಿ ಗೆರೆ ಪ್ರಕಟವಾಯಿತು. ಅಂಗಡಿಯವರು ಡಬ್ಬಿಗಳನ್ನು ಹಿಂದಕ್ಕೆ ಕಳಿಸಿದರು. ಜೋಡಿಸುವ ಹೆಂಗಸರಲ್ಲಿ ಕೆಲವರಿಗೆ ಅವನು ಮನೆಯಲ್ಲಿರಲು ಹೇಳಬೇಕಾಯಿತು. ಅಕ್ಕನ ಮನೆಯ ಹೊಸ್ತಿಲು ತುಳಿಯುವುದನ್ನೂ ಬಿಟ್ಟ. ಅಳತೆಗೆ ಬೇಕಾದ ಮೌನ ಆ ಮನೆಯಲ್ಲಿ ಧಾರಾಳವಾಯಿತು.

ಮುಂದೊಂದು ರಜೆಯ ದಿನ, ಇನ್ನಾರದೋ ಇಯರ್‌ಫೋನಿಗೆ ಸಿದ್ಧತೆ ನಡೆದಿತ್ತು. ಮೊದಲು ಮುದುಕ ಕೂಗಿದ. ಅಡುಗೆಮನೆಯ ಬಾಗಿಲು ತೆರೆಯಿತು.

‘ಯಾವಾಗ್ಲೂ ಮೊದಲು ಇದು ಕೂಗತ್ತೆ, ಆಮೇಲೆ ಬಂದೋರದ್ದು. ನನ್ನ ತಮ್ಮ ಬಂದ ದಿನ ಒಂದೇ ಸಲ ಕೂಗಿದ್ದು. ಇಷ್ಟು ಬೇಗ ಮುಗೀತಲ್ಲ ಅಂತ ನಾನು ಹಾಲು ಒಲೆಗಿಟ್ಟೆ. ಅವನಿಗ್ಯಾಕ್ರೀ ಒಂದೇ ಸಲ?’

ಆಕೆ ಕೇಳಿದ್ದು ತಂಗಳಾಗಿದ್ದ ಸಿಟ್ಟಿನಿಂದಷ್ಟೆ. ಆದರೆ ಅವರು ಕನ್ನಡಕ ಮೇಲೇರಿಸಿ ಮುಂದೆ ಬಾಗಿದರು. ಪರದೆಯ ಮೇಲೆ ಮುದುಕನ ಗೆರೆಯಲ್ಲೂ, ಹಿಂದೆಂದೂ ಇಲ್ಲದ ಕಡೆ, ಅದೇ ಸೂಜಿ ನಿಂತಿತ್ತು. ಹೊಸ ಕೊಳವೆ ಹಳೆಯದಕ್ಕಿಂತ ತುಸು ಗಿಡ್ಡ. ಸೂಜಿಯಲ್ಲಿ ಹೆಚ್ಚಿನ ಪಾಲು ಆ ಕೊಳವೆಯದು. ಭಾವಮೈದುನನ ಇಯರ್‌ಫೋನನ್ನು ಮತ್ತೆ ಅಳೆದಾಗ ಉಳಿದದ್ದು ಒಂದು ಸಣ್ಣ ಗೂನು.

ನಮ್ಮ ಪತ್ರಿಕೆಗಳಲ್ಲಿ ಆರೋಪ ಮುಖಪುಟದಲ್ಲಿ ಅಂಗೈಯಗಲದ ಅಕ್ಷರದಲ್ಲಿ ಬರುತ್ತದೆ. ವಿಷಾದ ಬರುವುದು ಒಳಪುಟದ ಕೆಳಮೂಲೆಯಲ್ಲಿ, ಇರುವೆ ಸಾಲಿನಂತೆ. ಇವರು ಪುಟದ ನೆತ್ತಿಯ ಮೇಲೇ, ಮೊದಲಿನಷ್ಟೇ ದಪ್ಪಕ್ಷರದಲ್ಲಿ, ‘ಸೂಜಿ ನನ್ನದು’ ಎಂದು ಬರೆದು, ತಪ್ಪು ಗೆರೆಯನ್ನೂ ಅಳಿಸದೆ ಸರಿ ಗೆರೆಯ ಪಕ್ಕ ಇಟ್ಟರು. ಅಂದೇ ಕೋಟು ತೊಟ್ಟು ಕಾರ್ಯಾಗಾರಕ್ಕೆ ಹೊರಟಾಗ ನಾನೂ ಜೊತೆಗಿದ್ದೆ.

‘ತಪ್ಪು ನಂದಪ್ಪ, ಸೂಜಿ ನನ್ನ ಕೊಳವೇದು’ ಎಂದರು ಒಳಗೆ ಕಾಲಿಡುತ್ತಲೇ. ಭಾವಮೈದುನ ಫೋನಿನಲ್ಲಿ ಆಗಲೇ ಓದಿದ್ದ. ‘ಗೂನು ಇನ್ನೂ ಇದೆ ಅಂತ ಬರ್ದಿದೀರಲ್ಲ ಭಾವ. ಅದನ್ನಾದ್ರೂ ಬಿಡಬಹುದಿತ್ತು.’

‘ಇದೆಯಲ್ಲಪ್ಪ.’

ಬೆಸುಗೆ ಹಾಕುತ್ತಿದ್ದ ಹೆಂಗಸೊಬ್ಬಳು ಮುಸಿಮುಸಿ ನಕ್ಕಳು. ಅವನು ನಗಲಿಲ್ಲ. ‘ಮೊದಲನೇದನ್ನ ನೋಡಿದೋರೆಲ್ಲ ಇದನ್ನೂ ನೋಡ್ತಾರಾ?’

‘ಇಲ್ಲ. ನೋಡಲ್ಲ.’

ಅವನು ಕೂರಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ಇವರು ಖಾಲಿ ಬೆಂಚುಗಳ ಎದುರು ನಿಂತೇ ಇದ್ದರು.

ನಿಷ್ಪಕ್ಷಪಾತಿ ಎನಿಸಿಕೊಳ್ಳುವ ಹಂಬಲ ಎಷ್ಟು ಕುರುಡೆಂದರೆ, ಅದು ತನ್ನ ಮೊದಲ ಸಾಕ್ಷ್ಯವನ್ನು ತನ್ನವರ ಕುತ್ತಿಗೆಯ ಮೇಲೆಯೇ ಕೆತ್ತುತ್ತದೆ. ಈ ತಪ್ಪು ಮಾಡದ ನೀತಿವಂತನನ್ನು ನಾನು ಕಾಣೆ. ಬಹುಪಾಲು ಜನ ಅದನ್ನೇ ನಿಷ್ಠುರತೆಯೆಂದು ಕರೆದು ಎದೆಗೆ ಪದಕ ತೂಗಿಕೊಳ್ಳುತ್ತಾರೆ. ಯಾವುದಕ್ಕಿಂತಪ್ಪನಂಥವರು ಕೆಲವರು ಮಾತ್ರ, ತಪ್ಪು ಕಂಡ ದಿನವೇ ಅದನ್ನು ತಮ್ಮ ಬಾಯಿಂದ ಹೇಳಲು ನೊಂದವರ ಬಾಗಿಲಿಗೆ ನಡೆದು ಹೋಗುತ್ತಾರೆ. ಹೇಳಿದ ಮೇಲೆ, ಕ್ಷಮೆ ತಮಗೆ ಬರಬೇಕಾದ ಬಾಕಿ ಎಂಬಂತೆ ಕೈ ಚಾಚುವುದಿಲ್ಲ.