ಹೊರಡುವಾಗ ಕೂಗುವ ಬೆಲ್ಟು

ಮಿಸ್ತ್ರಿ ಸತ್‌ಬೀರ್ ಕಾರಿನ ಬಾನೆಟ್ಟಿನೊಳಗಿಂದ ಎಳೆದು ತೆಗೆದದ್ದನ್ನು ದೇವೇಂದ್ರಪ್ಪ ಇಸಿದುಕೊಂಡು ಬೆಳಕಿಗೆ ಹಿಡಿದು ನೋಡಿದರು. ಅದು ಫ್ಯಾನ್ ಬೆಲ್ಟು. ಹೋಳಿ ಹಬ್ಬಕ್ಕೆ ಮುಂಚೆ ಹೊಚ್ಚಹೊಸದು ಹಾಕಿಸಿದ್ದರು. ಈಗ ನೋಡಿದರೆ ಒಳಮೈ ಕನ್ನಡಿಯಂತೆ ಹೊಳೆಯುತ್ತಿತ್ತು. ಅಂಚಿನ ರಬ್ಬರು ಊದಿಕೊಂಡು, ನೆನೆಸಿಟ್ಟ ಅವರೆಕಾಳಿನ ಸಿಪ್ಪೆಯ ಹಾಗೆ ಬೆರಳಿಗೇ ಕಿತ್ತುಬರುತ್ತಿತ್ತು.

"ಇದು ಮಾಮೂಲಿ ಸವೆತ ಅಲ್ಲ, ಸಾಬ್," ಎಂದ ಸತ್‌ಬೀರ್. "ಪುಲ್ಲಿ ಓರೆಯಾಗಿರಬೇಕು."

"ಪುಲ್ಲಿ ಹೋದ ಸಲವೇ ಬದಲಾಯಿಸಿದೆಯಲ್ಲಯ್ಯಾ!"

"ಹಾಗಾದರೆ ಬೇರಿಂಗು."

"ಅದು ಅದಕ್ಕೂ ಹಿಂದಿನ ಸಲ."

ಸತ್‌ಬೀರ್ ತಲೆ ಕೆರೆದುಕೊಂಡ. ಕಾರಣ ಗೊತ್ತಾಗದಾಗಲೆಲ್ಲ ಒಂದು ಭಾಗವನ್ನು ಬದಲಿಸುವುದು ಅವನ ಪದ್ಧತಿ. ಸಚಿವಾಲಯದಲ್ಲಿ ಸೆಕ್ಷನ್ ಆಫೀಸರಾಗಿದ್ದ ದೇವೇಂದ್ರಪ್ಪನವರಿಗೆ ಇದೇನೂ ಹೊಸದಲ್ಲ. ಅಲ್ಲಿ ಗುಮಾಸ್ತರನ್ನು ಹೀಗೆಯೇ ಬದಲಿಸುತ್ತಿದ್ದರು. ಬದಲಿಸಲು ಇನ್ನೇನೂ ಉಳಿದಿಲ್ಲವೆಂದು ಖಾತ್ರಿಯಾದ ಮೇಲೆ ಮಿಸ್ತ್ರಿ ದನಿ ತಗ್ಗಿಸಿದ: "ಯಾರೋ ಬೇಕಂತಲೇ ಏನೋ ಮಾಡ್ತಿದಾರೆ, ಸಾಬ್."

ನಾಳೆ ಬೆಳಿಗ್ಗೆ ದೇವೇಂದ್ರಪ್ಪನವರ ಮಗಳು ಧನ್ಯಾಳಿಗೆ ದೆಹಲಿಯಲ್ಲಿ ಸಿವಿಲ್ ಸರ್ವಿಸಸ್ ಸಂದರ್ಶನ. ಹೋದ ವರ್ಷ ಅಲ್ಲಿಯವರೆಗೆ ಹೋಗಿ ಬರಿಗೈಲಿ ಬಂದಿದ್ದಳು. ಇದು ಕೊನೆಯ ಅವಕಾಶ. ಅವರ ಮನೆಯಿದ್ದ ಘಾಜಿಯಾಬಾದಿಗೆ ಮೆಟ್ರೊ ಇನ್ನೂ ನಕ್ಷೆಯಲ್ಲಿ ಮಾತ್ರ ಇತ್ತು. ಇಲ್ಲಿನ ಆಟೋದವರು ದೆಹಲಿಯ ಗಡಿ ಕಂಡರೆ ಪಾಕಿಸ್ತಾನದ ಗಡಿ ಕಂಡವರಂತೆ ನಿಂತುಬಿಡುತ್ತಿದ್ದರು. ಟ್ಯಾಕ್ಸಿ ಹೇಳಿಬಿಡಿ ಎಂದ ಹೆಂಡತಿಗೆ, "ಇಂಟರ್‌ವ್ಯೂಗೆ ಮಗಳನ್ನ ಬಾಡಿಗೆ ಗಾಡೀಲಿ ಕಳಿಸ್ತಾರೇನೇ?" ಎಂದು ಅವರೇ ರೇಗಿದ್ದರು.

ಯಾರಿರಬಹುದು? ಅವರ ಅನುಮಾನ ನೆಟ್ಟಗೆ ಕೆಳಗಿನ ಮನೆಯ ತ್ಯಾಗಿಯ ಮೇಲೆ ಹೋಯಿತು. ಕಾರು ನಿಲ್ಲಿಸುವ ಜಾಗಕ್ಕಾಗಿ ಅವರಿಬ್ಬರಿಗೂ ಜಗಳವಾಗಿ, ನಮಸ್ಕಾರ ನಿಂತುಹೋಗಿತ್ತು. ಹೊಸ ಬೆಲ್ಟು ಹಾಕಿಸಿಕೊಂಡು, ಹಳೆಯದನ್ನು ಸಾಕ್ಷಿಗೆಂದು ಪತ್ರಿಕೆಯಲ್ಲಿ ಸುತ್ತಿ, ದೇವೇಂದ್ರಪ್ಪ ಮನೆಗೆ ಬಂದರು. ಊಟದ ಮೇಜಿನ ಮೇಲೆ ಬಿಚ್ಚಿಟ್ಟರು.

"ರೀ! ಚಪಾತಿ ಇಡೋ ಜಾಗದಲ್ಲಿ ಇದೇನ್ರೀ ಸತ್ತ ಹಾವಿನ ಥರ?" ವಿಜಯಮ್ಮ ಅದನ್ನು ಎರಡು ಬೆರಳಲ್ಲಿ ಎತ್ತಿಕೊಂಡು ಕಸದ ಬುಟ್ಟಿಯತ್ತ ಹೊರಟವರು ನಡುದಾರಿಯಲ್ಲೇ ನಿಂತರು. ಮೂಗಿನ ಹತ್ತಿರ ಹಿಡಿದರು. ಇನ್ನೊಮ್ಮೆ ಹಿಡಿದರು.

"ಇದು ನಮ್ಮ ಎಣ್ಣೆ ರೀ."

"ನಮ್ಮ ಅಂದ್ರೆ?"

"ಕೊಬ್ಬರಿ ಎಣ್ಣೆ. ತಿಪಟೂರಿಂದ ಅತ್ತೆ ತಂದಿದ್ದು. ಅಂಗಡೀದಕ್ಕೆ ಈ ಘಮ ಬರಲ್ಲ."

ಸತ್‌ಬೀರನ ಮೂಗಿಗೆ ಗೊತ್ತಿದ್ದದ್ದು ಎರಡೇ ಎಣ್ಣೆ: ಇಂಜಿನ್ನಿನದು, ಸಾಸಿವೆಯದು. ಇದನ್ನು ಅವನು ಯಾವುದೋ ಸೆಂಟು ಎಂದುಕೊಂಡಿದ್ದರೂ ಆಶ್ಚರ್ಯವಿಲ್ಲ. ದೇವೇಂದ್ರಪ್ಪನವರೂ ಮೂಸಿದರು. ಸುಟ್ಟ ರಬ್ಬರಿನ ಅಡಿಯಿಂದ ಊರಿನ ಗಾಣ ಸಣ್ಣಗೆ ಎದ್ದುಬಂತು. ತ್ಯಾಗಿಯ ಮನೆಯಲ್ಲಿ ಈ ಎಣ್ಣೆ ಇರಲು ಸಾಧ್ಯವಿಲ್ಲ. ಅಂದರೆ ಶತ್ರು ಮನೆಯೊಳಗೇ ಇದ್ದಾನೆ.

ದಿವಾನ್ ಮಂಚದ ಮೇಲೆ ಕೂತು ಹೂಬತ್ತಿ ಹೊಸೆಯುತ್ತಿದ್ದ ಅವರ ತಾಯಿ ಶಾಂತಮ್ಮ ತಲೆ ಎತ್ತಲಿಲ್ಲ. ಮೊಮ್ಮಗಳ ಸಂದರ್ಶನ ಮುಗಿಸಿಕೊಂಡೇ ಊರಿಗೆ ಹೋಗುತ್ತೇನೆಂದು ಬಂದಿದ್ದರು.

"ಅವ್ವಾ..."

"ಮತ್ತೇನಪ್ಪ ಮಾಡೋದು? ಮಗು ಹೊರಡೋ ಹೊತ್ತಿಗೆ ಸರಿಯಾಗಿ ಆ ಕಾರು ಹೆಂಗ್ ಕಿರುಚ್ತಿತ್ತು, ನೀನೇ ಕೇಳಿಲ್ವಾ? ಹೊರಡೋವಾಗ ಒಂದು ಸೀನು ಬಂದ್ರೇ ಕೂತು ನೀರು ಕುಡ್ದು ಹೋಗ್ತೀವಿ. ಇದು ಸೀನಲ್ಲಪ್ಪ, ಹೆಣದ ಮನೆ ಗೋಳು! ತೊಟ್ಟಿಲು ಕಿರ್ ಅಂದ್ರೆ ಎಣ್ಣೆ ಬಿಡ್ತೀವಿ, ಬಾಗಿಲು ಅಂದ್ರೆ ಬಿಡ್ತೀವಿ. ಇದಕ್ಕೂ ಬಿಟ್ರೆ ತಪ್ಪೇನು?"

ದೇವೇಂದ್ರಪ್ಪನವರಿಗೆ ಈಗ ಲೆಕ್ಕ ಸಿಕ್ಕಿತು. ಎಣ್ಣೆ ಬಿದ್ದ ಬೆಲ್ಟು ಗಳಿಗೆಹೊತ್ತು ಸುಮ್ಮನಾಗುತ್ತದೆ. ಆಮೇಲೆ ಜಾರುತ್ತದೆ, ಬಿಸಿಯೇರುತ್ತದೆ, ಮೊದಲಿಗಿಂತ ಜೋರಾಗಿ ಕೂಗುತ್ತದೆ. ಕೂಗಿದ್ದಕ್ಕೆ ಮತ್ತೆ ಎಣ್ಣೆ! ಆದರೆ ಒಂದು ತೊಡಕು ಉಳಿಯಿತು.

"ಅವ್ವಾ, ನಿಮಗೆ ಬಾನೆಟ್ ತೆಗೆಯೋಕೆ ಬರುತ್ತಾ?"

"ನನಗೆಲ್ಲಿ ಬರ್ತದೆ?" ಎಂದು ಶಾಂತಮ್ಮ ಬಾಗಿಲ ಕಡೆ ನೋಡಿದರು.

ಬಾಗಿಲಲ್ಲಿ ಧನ್ಯಾ ನಿಂತಿದ್ದಳು. "ಸಾರಿ ಪಪ್ಪಾ. ನಾನೇ."

ಸಿಡಿಲು ಬಡಿದರೂ ದೇವೇಂದ್ರಪ್ಪ ಇಷ್ಟು ಬೆಚ್ಚುತ್ತಿರಲಿಲ್ಲ. ಮಗಳು ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್. ಪರೀಕ್ಷೆಗೆ ತೆಗೆದುಕೊಂಡಿದ್ದೂ ಅದನ್ನೇ. ಬೆಲ್ಟು, ಪುಲ್ಲಿ, ಘರ್ಷಣೆ ಎಂದು ಪುಟಗಟ್ಟಲೆ ಬರೆದು ಪಾಸಾಗಿದ್ದವಳು.

"ಎಣ್ಣೆ ಬಿಟ್ಟರೆ ಬೆಲ್ಟ್ ಹಾಳಾಗುತ್ತೆ ಅಂತ ನಿನಗೆ ಗೊತ್ತಿರಲಿಲ್ವಾ?"

"ಪತಾ ಥಾ. ಎಲ್ಲಾ ಗೊತ್ತಿತ್ತು."

"ಅಜ್ಜಿ ಹೇಳಿದ್ರು ಅಂತ ಹಾಕಿಬಿಟ್ಯಾ?"

"ಅಜ್ಜಿ ಹೇಳಿದ್ದು ಒಂದೇ ದಿನ ಪಪ್ಪಾ. ಆಮೇಲೆ ದಿನಾ ನಾನೇ." ಅವಳು ಗೋಡೆ ನೋಡುತ್ತ ಹೇಳಿದಳು. "ಹೋದ ವರ್ಷ ಇಂಟರ್‌ವ್ಯೂಗೆ ಹೊರಟಾಗ್ಲೂ ಇದು ಕೂಗಿತ್ತು. ನಿಮಗೆ ಯಾದ್ ಇಲ್ಲ. ನನಗಿದೆ. ಒಳಗೆ ಹೋಗಿ ಕೂತೆ, ಅವರು ಕೇಳ್ತಿದ್ದಾರೆ, ನನ್ನ ಕಿವೀಲಿ ಬರೀ ಅದೇ ಆವಾಜ್."

ರಾಹುಕಾಲ ಕೇಳಿದರೆ ನಗುತ್ತಿದ್ದ ಹುಡುಗಿ. ದೆಹಲಿಯ ಓಲ್ಡ್ ರಾಜಿಂದರ್ ನಗರದ ಕೋಚಿಂಗಿನಲ್ಲಿ ಉಳಿದವರಿಗೆ ಧೈರ್ಯ ಹೇಳುತ್ತಿದ್ದವಳು. ಒಂದು ವರ್ಷದಿಂದ ಅವಳು ಹೆದರಿಕೊಂಡಿದ್ದಳು. ದಿನವೂ ಅಲ್ಲಿಗೆ ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಕಾರು ಓಡಿಸಿದ ತಂದೆಗೆ ಅದರ ಸುಳಿವೇ ಇರಲಿಲ್ಲ. ಬೆಲ್ಟಿನ ಸವೆತವನ್ನು ಬೆಳಕಿಗೆ ಹಿಡಿದು ನೋಡಿದ್ದ ಮನುಷ್ಯ ಇದನ್ನು ನೋಡಿರಲಿಲ್ಲ.

ಮರುದಿನ ಬೆಳಿಗ್ಗೆ ಧನ್ಯಾ ಇಳಕಲ್ ಸೀರೆ ಉಟ್ಟು, ಅಜ್ಜಿಯ ಕಾಲು ಮುಟ್ಟಿ, ಕಾರು ಹತ್ತಿದಳು. ವಿಜಯಮ್ಮ ಗೇಟಿನಲ್ಲಿ, ಶಾಂತಮ್ಮ ಬಾಲ್ಕನಿಯಲ್ಲಿ. ಏಪ್ರಿಲ್ಲಿನ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ದೇವೇಂದ್ರಪ್ಪ ಇಂಜಿನ್ ಚಾಲೂ ಮಾಡಿ ಎ.ಸಿ. ಒತ್ತಿದರು.

ಹೊಸ ಬೆಲ್ಟು ಕಿಟಾರನೆ ಕಿರುಚಿತು.

ತನ್ನ ಕಾರು ಒರೆಸುತ್ತಿದ್ದ ತ್ಯಾಗಿಯ ಕೈಯೂ ನಿಂತಿತು. ಯಾರದೋ ದನಿ ಹೇಳಿತು: "ಧನ್ಯಾ, ಒಂದು ನಿಮಿಷ ಒಳಗೆ ಹೋಗಿ ಕೂತು, ನೀರು ಕುಡಿದು ಬಂದುಬಿಡಮ್ಮಾ." ಅದು ತಮ್ಮದೇ ದನಿ ಎಂದು ದೇವೇಂದ್ರಪ್ಪನವರಿಗೆ ಆಮೇಲೆ ಗೊತ್ತಾಯಿತು.

ಮಗಳು ಅವರನ್ನು ಬೆರಗಿನಿಂದ ನೋಡಿದಳು. ತನ್ನ ಭಯ ಇನ್ನೊಬ್ಬರ ಬಾಯಲ್ಲಿ ಬಂದಾಗ ಅದು ಸ್ವಲ್ಪ ನಗು ಬರಿಸುವಂತಿತ್ತೋ ಏನೋ.

"ಇಂಜಿನ್ ಬಂದ್ ಮಾಡಿ ಪಪ್ಪಾ," ಎಂದವಳೇ ಇಳಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾನೆಟ್ ಎತ್ತಿದಳು. ಹೆಬ್ಬೆರಳಿಂದ ಬೆಲ್ಟು ಒತ್ತಿದಳು. ಅದು ಹಗ್ಗದ ಮಂಚದಂತೆ ಕುಸಿಯಿತು. "ಢೀಲಾ ಇದೆ. ಸತ್‌ಬೀರ್ ಭಯ್ಯಾ ಎಲ್ಲಾ ಬದಲಿಸಿದ್ದಾರೆ, ಬಿಗಿ ಮಾಡೋದೊಂದನ್ನ ಬಿಟ್ಟು. ಸ್ಪ್ಯಾನರ್ ಎಲ್ಲಿ?"

ಸ್ಪ್ಯಾನರ್ ಇರಲಿಲ್ಲ. "ಯೇ ಲೋ ಬೇಟಾ," ಎಂದು ಪಕ್ಕದಿಂದ ಸ್ಪ್ಯಾನರ್ ಹಿಡಿದ ಒಂದು ಕೈ ಚಾಚಿತು. ತ್ಯಾಗಿ. ದೇವೇಂದ್ರಪ್ಪ ಆ ಕೈಗೂ ಅದರ ಹಿಂದಿನ ಮುಖಕ್ಕೂ ಸೇರಿಸಿ ಒಂದು ನಮಸ್ಕಾರ ಹಾಕಿದರು.

ಧನ್ಯಾ ನಟ್ಟು ಸಡಿಲಿಸಿ, ತಂದೆಯ ಕೈಗೆ ಕಬ್ಬಿಣದ ಸರಳು ಕೊಟ್ಟು, ಬೆಲ್ಟು ಸುತ್ತಿದ್ದ ಆಲ್ಟರ್ನೇಟರನ್ನು ಹೊರಕ್ಕೆ ಮೀಟಿಸಿದಳು. ಬೆಲ್ಟು ಬಿಗಿದೊಡನೆ ನಟ್ಟು ತಿರುಗಿಸಿದಳು. ಸೀರೆಗೆ ಏನೂ ತಾಗಲಿಲ್ಲ. ಬೆರಳು ಮಾತ್ರ ಇದ್ದಿಲಿನಂತೆ ಕಪ್ಪಾದವು.

ಆಗಲೇ ಶಾಂತಮ್ಮ ಮೆಟ್ಟಿಲಿಳಿದು ಬಂದರು. ಕೈಯಲ್ಲಿ ಎಣ್ಣೆಯ ಬಾಟಲಿ.

"ಅವ್ವಾ!" ದೇವೇಂದ್ರಪ್ಪ ಹೌಹಾರಿ ಬಾನೆಟ್ಟಿಗೆ ಅಡ್ಡ ನಿಂತರು.

"ಅವಳ ಕೈಗೆ ಕಣಪ್ಪಾ, ಸರಿ ಆಚೆ," ಎಂದ ಅವರು ಮೊಮ್ಮಗಳ ಬೆರಳುಗಳಿಗೆ ಎಣ್ಣೆ ಹಚ್ಚಿ ತಿಕ್ಕಿ, ಕರಿಯನ್ನೆಲ್ಲ ತಮ್ಮ ಸೆರಗಿಗೆ ಒರೆಸಿಕೊಂಡರು.

ಕಾರು ಸದ್ದಿಲ್ಲದೆ ಗೇಟು ದಾಟಿತು. ಯಮುನೆಯ ಸೇತುವೆ ಬಂತು. ಎ.ಸಿ. ಹಾಕದೆ ಕಿಟಕಿ ಇಳಿಸಿದ್ದರಿಂದ ಬಿಸಿಗಾಳಿ ರಾಚುತ್ತಿತ್ತು.

"ಪಪ್ಪಾ, ಎ.ಸಿ. ಹಾಕಿ."

"ಗಾಳಿ ಬರ್ತಿದೆಯಲ್ಲಮ್ಮ."

"ಪಪ್ಪಾ. ಹಾಕಿ."

ದೇವೇಂದ್ರಪ್ಪ ಬಾನೆಟ್ಟಿನ ಕಡೆ ಕಿವಿಯಿಟ್ಟು ಗುಂಡಿ ಒತ್ತಿದರು.