ಉರಾನೋಸನ ಕಥೆಗೆ ನಕ್ಕವರು

ಹಿಟ್ಟು ತರಿತರಿಯಾಗಿದೆ ಎಂದು ಮೇಸ್ತ್ರಿ ದ್ರೋಮೋನ ಒಂದು ಬೊಗಸೆ ಹಿಟ್ಟನ್ನು ಟಿಬೇಯಾಳ ಮುಖಕ್ಕೆ ಎರಚಿದ.

"ಹೊಟ್ಟೆ ಅಡ್ಡ ಬರ್ತದೇನೇ ಬೋಸುಡಿ? ಬಸುರಾಗಾಕೆ ಸೊಂಟ ಬಗ್ತದೆ, ಕಲ್ಲು ನೂಕಾಕೆ ಬಗ್ಗಾಕಿಲ್ವಾ?"

ಟಿಬೇಯಾ ಕಣ್ಣೊರೆಸಿಕೊಳ್ಳಲಿಲ್ಲ. ಒರೆಸಿಕೊಳ್ಳಲು ಕೈ ಮುಖ ಮುಟ್ಟಬೇಕಲ್ಲ. ಅರೆಯುವ ಹೆಂಗಸರು ಹಿಟ್ಟು ಮುಕ್ಕಬಾರದೆಂದು ಅವರ ಕೊರಳಿಗೆ ಮೊರದಗಲದ ಮರದ ಹಲಗೆ ತೊಡಿಸಿದ್ದರು. ಹಲಗೆ ಉಜ್ಜಿ ಉಜ್ಜಿ ಕತ್ತಿನ ಸುತ್ತ ಹುಣ್ಣಾಗಿತ್ತು. ಕೀವಿಗೆ ಹಿಟ್ಟು ಮೆತ್ತಿಕೊಂಡು ನೊಣ ಮುತ್ತುತ್ತಿದ್ದವು. ಪಕ್ಕದ ಕಲ್ಲಿನ ಮುದುಕಿ ಲೂದೆ ಆಗಾಗ ಬಗ್ಗಿ ಉಫ್ ಎಂದು ಊದಿ ಓಡಿಸುವಳು. ಮತ್ತೆ ಇಬ್ಬರೂ ಮಂಡಿಯೂರಿ ಬಾರ್ಲಿ ಅರೆಯುವರು.

ಒಡೆಯ ಅಮೂನಿಯಾಸ ಅಥೆನ್ಸಿನ ಆಚೆ ಆಲಿವ್ ತೋಟ, ಬಾರ್ಲಿ ಹೊಲ ಇಟ್ಟುಕೊಂಡವನು. ಮಧ್ಯಾಹ್ನ ಉಂಡು ಈ ಕೋಣೆಗೆ ಬರುವುದು ಅವನ ರೂಢಿ. ಬಂದಾಗ ಉಳಿದ ಹೆಂಗಸರು ಗೋಡೆಗೆ ಮುಖ ಮಾಡಿ ಅರೆಯುತ್ತಲೇ ಇರಬೇಕು, ಕಲ್ಲಿನ ಸದ್ದು ನಿಲ್ಲಬಾರದು. ಕೊರಳಿನ ಹಲಗೆಯನ್ನೂ ಅವನು ತೆಗೆಸುತ್ತಿರಲಿಲ್ಲ. ಹೀಗೆ ಟಿಬೇಯಾಳಿಗೆ ಎರಡು ಹೆರಿಗೆಯಾಗಿದ್ದವು. ಎರಡು ಸಲವೂ ಕೂಸು ಬಾಯಿ ತೆರೆಯುವಷ್ಟರಲ್ಲಿ ದ್ರೋಮೋನ ಅದನ್ನು ಸೀಳುಬಿಟ್ಟ ಗಡಿಗೆಯಲ್ಲಿ ಹಾಕಿಕೊಂಡು ಹೊಲದಾಚೆಯ ಕೊರಕಲಿಗೆ ಇಟ್ಟು ಬಂದಿದ್ದ. ಹಾಲೂಡಿಸುವವಳು ಅರ್ಧ ಹಿಟ್ಟನ್ನೂ ಅರೆಯುವುದಿಲ್ಲ ಎಂಬುದು ಒಡೆಯನ ಲೆಕ್ಕ. ಕಟ್ಟಿದ ಎದೆಗೆ ಬಟ್ಟೆ ಬಿಗಿದುಕೊಂಡು ಮಾರನೆಯ ಬೆಳಗ್ಗೆಯೇ ಅವಳು ಕಲ್ಲಿನ ಮುಂದೆ ಕೂತಿದ್ದಳು. ಈಗಿನದು ಮೂರನೆಯದು, ದಿನ ತುಂಬಿತ್ತು.

ಅಷ್ಟರಲ್ಲಿ ಕ್ರೋನೋಸನ ಹಬ್ಬ ಬಂತು. ಆ ದಿನ ಒಡೆಯರು ತಾವು ಕೊಂಡ ಆಳುಗಳ ಜೊತೆ ಕೂತು ಉಣ್ಣಬೇಕು. ಅಮೂನಿಯಾಸ ಬಿಳಿ ಹಚ್ಚಡ ಹೊದ್ದು ಬಂದು ತನ್ನ ಕೈಯಾರೆ ಹೆಂಗಸರ ಕೊರಳಿನ ಹಲಗೆ ಬಿಚ್ಚಿದ. ಹುಣ್ಣಿನ ನಾತಕ್ಕೆ ಮೂಗು ಸಿಂಡರಿಸಿದನೇ ಹೊರತು ನಗು ಬಿಡಲಿಲ್ಲ. ಎಲ್ಲರನ್ನೂ ಅಂಗಳದಲ್ಲಿ ಕೂರಿಸಿ ಹಂದಿಮಾಂಸ ಬಡಿಸಿದರು. ಲೂದೆ ಹಲ್ಲಿಲ್ಲದ ಬಾಯಿಗೆ ಚರ್ಬಿ ತುರುಕಿಕೊಂಡು ಅಳುತ್ತಾ ತಿಂದಳು.

ಪೂಜಾರಿ ಮೆನೇದೆಮ ಹಬ್ಬದ ಕಥೆ ಹೇಳಿದ. ಉರಾನೋಸ ಎಂದರೆ ಮೇಲಿನ ಆಕಾಶ, ಎಲ್ಲರಿಗಿಂತ ಮೊದಲ ಒಡೆಯ. ರಾತ್ರಿಯಾದರೆ ಭೂತಾಯಿಯ ಮೇಲೆ ಬಂದು ಮಲಗುವನು, ಹುಟ್ಟಿದ ಮಕ್ಕಳನ್ನು ಬೆಳಕಿಗೆ ಬಿಡದೆ ಮತ್ತೆ ಅವಳ ಹೊಟ್ಟೆಗೇ ನೂಕುವನು. ನೂಕಿದ್ದು ಹೇಗೆಂದು ಪೂಜಾರಿ ಮೂಳೆ ಹಿಡಿದ ಕೈಯಲ್ಲಿ ಮಾಡಿ ತೋರಿಸಿದ. ಗಡ್ಡದಿಂದ ಜಿಡ್ಡು ತೊಟ್ಟಿಕ್ಕುತ್ತಿತ್ತು. ಕೊನೆಗೆ ಹೊಟ್ಟೆನೋವು ತಾಳದೆ ತಾಯಿ ಕುಡುಗೋಲು ಮಾಡಿ ಮಗ ಕ್ರೋನೋಸನ ಕೈಗೆ ಕೊಟ್ಟಳು, ಅವನು ಅಪ್ಪನ ಗಂಡಸುತನ ಕೊಯ್ದು ಕಡಲಿಗೆ ಎಸೆದ. ಒಡೆಯ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನು ನಕ್ಕನಲ್ಲ ಎಂದು ಆಳುಗಳೂ ನಕ್ಕರು.

ನಗುತ್ತಲೇ ಅಮೂನಿಯಾಸ ಜಿಡ್ಡುಗೈಯನ್ನು ಟಿಬೇಯಾಳ ಹೊಟ್ಟೆಯ ಮೇಲಿಟ್ಟು, ಇವತ್ತು ನೀನೇ ಒಡತಿ, ಏನು ಬೇಕೋ ಕೇಳು ಎಂದ.

"ಈ ಕೂಸು ನಂಗಿರ್ಲಿ ಬುದ್ದಿ."

"ಹಬ್ಬದ ದಿನ ತಿನ್ನೋದು ಕೇಳ್ಬೇಕು ಕಣೇ. ಬಾಳೋದನ್ನ ಕೇಳ್ಬಾರ್ದು."

ಅವಳು ಪೂಜಾರಿಯ ಕಡೆ ತಿರುಗಿ, ಆ ಉರಾನೋಸ ಮಕ್ಕಳನ್ನು ಯಾಕೆ ಒಳಕ್ಕೆ ನೂಕಿದ ಎಂದು ಕೇಳಿದಳು. ಕುರೂಪಿಗಳು, ಕಂಡರೆ ಹೇಸಿಗೆಯಾಗುತ್ತಿತ್ತು ಎಂದ ಪೂಜಾರಿ.

"ಈ ಮನೆ ಉರಾನೋಸನ ಮಕ್ಳು ಚೆಂದಾಗೇ ಇದ್ವು ಬುದ್ದಿ. ಎರಡ್ನೇದ್ಕೆ ಇವರ್ದೇ ಮಡಿಚಿದ ಕಿವಿ. ಕೊರಕಲಾಗೆ ನಾಯಿ ಬಿಟ್ಟಿದ್ರೆ ಹೋಗಿ ನೋಡ್ಬೋದು."

ಎಲ್ಲರ ಕಣ್ಣೂ ಒಡೆಯನ ಕಿವಿಗೆ ಹೋದವು. ಅವನ ಕೈಯೂ ತನಗರಿವಿಲ್ಲದೆ ಅಲ್ಲಿಗೇ ಹೋಯಿತು, ಕಿವಿಗೆ ಚರ್ಬಿ ಮೆತ್ತಿಕೊಂಡಿತು. ನಾಳೆ ಬೆಳಗಾಗಲಿ, ನಿನ್ನ ನಾಲಗೆ ನೋಡಿಕೊಳ್ಳುತ್ತೇನೆ ಎಂದ. ಅವಳಿಗೆ ಕೂತ ಮಣೆಯ ಮೇಲೆಯೇ ನೀರೊಡೆದು ನೆಲಕ್ಕೆ ಹರಿಯಿತು.

"ಥೂ, ಉಣ್ಣೋ ಜಾಗದಲ್ಲಿ. ಎಳಕೊಂಡ್ಹೋಗ್ರೇ ಇದನ್ನ," ಎಂದ ಒಡೆಯ.

ಹೆಂಗಸರು ಅವಳನ್ನು ಅರೆಯುವ ಕೋಣೆಗೆ ಹೊತ್ತು ನಡೆದರು. ಕೂಗಬೇಡ, ಕೂಗಿದರೆ ಮೇಸ್ತ್ರಿ ಬರುತ್ತಾನೆ ಎಂದು ಲೂದೆ ತನ್ನ ಒಣಕಲು ಕೈಯನ್ನೇ ಅವಳ ಬಾಯಿಗೆ ಕೊಟ್ಟಳು. ಟಿಬೇಯಾ ಕಚ್ಚಿಕೊಂಡು ಹೆತ್ತಳು. ಹೆಣ್ಣು. ಅದು ಮಾತ್ರ ಯಾರ ಮಾತೂ ಕೇಳದೆ ಕಿರುಚಿತು. ಲೂದೆ ಹೊಕ್ಕುಳಬಳ್ಳಿ ಕೊಯ್ದಳು, ಕೂಸಿನ ಹಿಂದೆಯೇ ಹೆರಿಗೆಯ ಕಸವೂ ಬಿತ್ತು.

ಕಿರುಚಿದ್ದು ಅಂಗಳಕ್ಕೆ ಕೇಳಿ ದ್ರೋಮೋನ ಗಡಿಗೆ ಹಿಡಿದು ಬಂದ. ಹಿಂದೆ ಒಡೆಯ, ಅವನ ಹಿಂದೆ, ವೇದಿಯ ಪೂಜೆಗೆ ಹೊತ್ತಾಯಿತೆಂದು ಅವಸರಿಸುತ್ತಾ ಪೂಜಾರಿ. ಪುರುಡಿನ ಕೋಣೆಯೊಳಗೆ ಕಾಲಿಟ್ಟರೆ ಮೈಲಿಗೆಯೆಂದು ಮೂವರೂ ಹೊಸ್ತಿಲಾಚೆ ನಿಂತರು. ಕೊಡು ಎಂದು ಒಡೆಯ ಕೈ ಚಾಚಿದ.

ಟಿಬೇಯಾ ಗೋಡೆ ಹಿಡಿದು ಎದ್ದಳು. ತೊಡೆಯ ಮೇಲೆ ರಕ್ತ ಇನ್ನೂ ಇಳಿಯುತ್ತಿತ್ತು. ಕೂಸನ್ನು ಲೂದೆಯ ಮಡಿಲಿಗೆ ಹಾಕಿದಳು. ನೆಲದ ಮೇಲೆ ಹಬೆಯಾಡುತ್ತಿದ್ದ ಕಸವನ್ನು ಎರಡೂ ಕೈಯಲ್ಲಿ ಬಾಚಿ ತೆಗೆದು ಹೊಸ್ತಿಲಾಚೆಗೆ ಬೀಸಿದಳು.

ಅದು ಅಮೂನಿಯಾಸನ ಎದೆಗೆ ಪಚ್ಚನೆ ಬಡಿಯಿತು. ಹೊಕ್ಕುಳಬಳ್ಳಿ ಹೆಗಲಿಗೆ ಸುತ್ತಿಕೊಂಡಿತು. ಬಿಳಿ ಹಚ್ಚಡದ ಮೇಲಿಂದ ಜಾರಿ ಕಾಲಿಗೆ ಬಿತ್ತು.

"ಮೊದ್ಲು ಇದನ್ನ ಇಟ್ಟು ಬಾ ಕೊರಕಲಿಗೆ. ಇದೂ ನಿಂದೇಯ."

ಅವನು ಓಕರಿಸುತ್ತಾ ಪೂಜಾರಿಯ ತೋಳು ಹಿಡಿಯಲು ಹೋದ. ಪೂಜಾರಿ ಹಾರಿ ಹಿಂದಕ್ಕೆ ಸರಿದ.

"ಮುಟ್ಬ್ಯಾಡ. ದೂರ ನಿಲ್ಲು. ವೇದಿ ಹತ್ರಕ್ಕೂ ಬರ್ಬ್ಯಾಡ ನೀನು."

ಒರೆಸೋ, ಒರೆಸೋ ಎಂದು ಅಮೂನಿಯಾಸ ದ್ರೋಮೋನನ ಕಡೆ ತಿರುಗಿದ. ದ್ರೋಮೋನ ಒಡೆಯನ ಎದೆ ನೋಡಿದ, ಒಳಗಿನಿಂದ ಒಬ್ಬೊಬ್ಬರಾಗಿ ಬಂದು ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದ ಹೆಂಗಸರನ್ನು ನೋಡಿದ. ಕೈಯಲ್ಲಿ ಗಡಿಗೆ ಹಾಗೇ ಇತ್ತು. ಅವನು ನಿಂತಲ್ಲಿಂದ ಕದಲಲಿಲ್ಲ.