ಹಳದಿಯಾದ ಕಲ್ಲಂಗಡಿಗೆ ಯಾರು ಹೊಣೆ

ಎಲ್ಲಿಂದ ಶುರು ಮಾಡಲಿ? ಬೀಜದಿಂದ ಎಂದರೆ ಅದು ಯಾವ ಹಣ್ಣಿನದು ಎನ್ನುತ್ತೀರಿ, ಹಣ್ಣಿನಿಂದ ಎಂದರೆ ಯಾವ ಬೀಜದ್ದು ಎನ್ನುತ್ತೀರಿ. ಮೊದಲ ಡ್ರಾಫ್ಟನ್ನು ಜೇನುಹುಳದಿಂದ ಶುರು ಮಾಡಿದ್ದೆ. ಅದು ಎರಡು ಪುಟ ಹಾರಾಡಿ ಎಲ್ಲೂ ಕೂರಲಿಲ್ಲ. ಹರಿದೆ. ಚಾಕುವಿನಿಂದ ಶುರು ಮಾಡುತ್ತೇನೆ.

೧

ಕಲಿಸಿಯ ಮದುವೆಯ ಬೆಳಿಗ್ಗೆ ಅವಳ ತಾಯಿ ಲೂಪೆ ಕಲ್ಲಂಗಡಿ ಹೆಚ್ಚಲು ಕೂತರು. (ಕಲಿಸಿ ಎನ್ನುವುದು ಇಲ್ಲಿ, ಪೆಸಿಫಿಕ್ ಸಾಗರದ ದ್ವೀಪದೇಶ ಟೋಂಗಾದಲ್ಲಿ, ಹೆಣ್ಣಿನ ಹೆಸರು. ವರ್ಷಗಟ್ಟಲೆ ಇಲ್ಲಿ ಜೀವಶಾಸ್ತ್ರದ ಮೇಷ್ಟ್ರಾಗಿರುವ ನನಗೆ ಆ ಹೆಸರು ಕೇಳಿದಾಗಲೆಲ್ಲ ಯಾರೋ ಅಪ್ಪಣೆ ಕೊಟ್ಟಂತಾಗುತ್ತದೆ.) ತಿರುಳು ತುರಿದು, ತೆಂಗಿನಹಾಲು ಬೆರೆಸಿ ಒಟಾಯಿ ಎಂಬ ಪಾನಕ ಮಾಡಬೇಕು. ಲೂಪೆಯ ಹಣ್ಣು ಸುಮ್ಮನೆ ಹಣ್ಣಲ್ಲ. ತಾಯಿಯಿಂದ ಬಂದ ಬೀಜವನ್ನು ಅವರು ವರ್ಷ ವರ್ಷವೂ ತೆಗೆದಿಟ್ಟು ಬಿತ್ತಿದ್ದು. ಕೊಯ್ದರೆ ದಾಸವಾಳದ ಕೆಂಪು.

ಆ ದಿನ ಮೊದಲನೆಯದು ಹಳದಿ. ಎರಡನೆಯದು ಕೆಂಪು. ಮೂರನೆಯದು ಮತ್ತೆ ಹಳದಿ.

ಗಂಡಿನ ಕಡೆಯ ಅತ್ತೆಯಂದಿರು ಹಂಡೆಯೊಳಗೆ ಇಣುಕಿ ಮುಖ ಮುಖ ನೋಡಿಕೊಂಡರು. ಏನಾದರೂ ಅಂದಿದ್ದರೇ ಚೆನ್ನಾಗಿತ್ತು.

ಪಕ್ಕದ ಹೊಲ ಲೂಪೆಯ ತಮ್ಮ ಫೋಲಾವುವಿನದು. ಹೋಟೆಲಿನವರು ಕೇಳಿದರೆಂದು ಈ ವರ್ಷ ಮೊದಲ ಸಲ ಹಳದಿ ತಿರುಳಿನ ಜಾತಿ ಬಿತ್ತಿದ್ದ. ಲೂಪೆ ಚಾಕು ಕೆಳಗಿಟ್ಟು, ನೆಂಟರೆಲ್ಲ ಕೇಳುವಂತೆ, “ಅಮ್ಮನ ಕೆಂಪನ್ನ ಕೆಡಿಸಿಬಿಟ್ಟೆಯಲ್ಲೋ,” ಎಂದರು.

ಇಲ್ಲಿ ತಮ್ಮನಾದವನು ಅಕ್ಕನಿಗೆ ಎದುರಾಡುವುದಿಲ್ಲ. ಫೋಲಾವು ತಲೆ ತಗ್ಗಿಸಿದ. ಊಟಕ್ಕೆ ಎಲ್ಲರೂ ಕೂರುವಷ್ಟರಲ್ಲಿ ಹೊಲಕ್ಕೆ ಹೋಗಿ ತನ್ನ ಬಳ್ಳಿಗಳನ್ನೆಲ್ಲ ಬೇರುಸಮೇತ ಕಿತ್ತುಹಾಕಿದ್ದ.

೨

ಇಷ್ಟು ಮೆತ್ತಗಿನ ನಾಯಕನನ್ನು ಇಟ್ಟುಕೊಂಡು ಕಥೆ ನಡೆಸುವುದು ಕಷ್ಟ. ಅವನು ಮದುವೆ ಚಪ್ಪರದಲ್ಲೇ ಗುಡುಗುವ ಒಂದು ಪುಟ ಬರೆದು ಅವನಿಗೇ ಹೇಳಿದೆ. ಪೂರ್ತಿ ಕೇಳಿಸಿಕೊಂಡ.

“ಚೆನ್ನಾಗಿದೆ ಮೇಷ್ಟ್ರೇ. ಆದ್ರೆ ಇವನು ನಾನಲ್ಲ, ನೀವು.”

ಹರಿದೆ.

೪

(ಮೂರರಲ್ಲಿ ವಂಶವಾಹಿಗಳ ಚಿತ್ರವಿತ್ತು. ತಿದ್ದುತ್ತ ನನಗೇ ತೂಕಡಿಕೆ ಬಂತು. ಸಾರಾಂಶ ಇಷ್ಟು.)

ಹಣ್ಣಿನ ತಿರುಳು ತಾಯಿಬಳ್ಳಿಯದು. ಜೇನುಹುಳ ಹೊತ್ತು ತಂದ ಪರಾಗದ ಗುಣ ಸೇರುವುದು ಒಳಗಿನ ಬೀಜಕ್ಕೆ, ಕಾಣುವುದು ಆ ಬೀಜ ಬೆಳೆದು ಕಾಯಿ ಬಿಟ್ಟಾಗ. ಅಂದರೆ ಫೋಲಾವುವಿನ ಈ ವರ್ಷದ ಹೂವು ಅಕ್ಕನ ಈ ವರ್ಷದ ಹಣ್ಣನ್ನು ಹಳದಿ ಮಾಡಲಾರದು. ಹಳದಿ ಹೋದ ವರ್ಷವೇ ಒಳಹೊಕ್ಕಿತ್ತು. ಇನ್ನೊಂದು: ಈ ಹಳದಿ ಕೆಂಪಿನ ಮೇಲೆ ಸವಾರಿ ಮಾಡುತ್ತದೆ, ಆದರೆ ಅಳಿಸುವುದಿಲ್ಲ. ಆ ಹಳದಿ ಹಣ್ಣಿನ ಬೀಜ ಬಿತ್ತಿದರೆ ಕೆಲವು ಬಳ್ಳಿಗಳಲ್ಲಿ ಅಮ್ಮನ ಕೆಂಪು ಮತ್ತೆ ಮೇಲೇಳಬಹುದು.

ಓಡಿಹೋಗಿ ಫೋಲಾವುವಿಗೆ ಹೇಳಿದೆ. ಕುಣಿಯುತ್ತಾನೆ ಅಂದುಕೊಂಡಿದ್ದೆ. ಅವನು ಬರಿದಾದ ಹೊಲ ನೋಡಿದ.

“ತಪ್ಪು ನಂದೇ ಅಂತ ನಂಬ್ಕೊಂಡು ಹೇಗೋ ನೆಮ್ಮದಿಯಾಗಿದ್ದೆ. ಈಗ ಈ ಬಳ್ಳಿ ಕಿತ್ತಿದ್ದು ಯಾಕೆ ಅಂತ ನನಗೆ ನಾನೇ ಏನು ಹೇಳ್ಕೊಳ್ಳಲಿ?”

ವಿಜ್ಞಾನ ಗೆದ್ದಿತು, ಕಥೆ ಕೆಟ್ಟಿತು.

೫

ಹಾಗಾದರೆ ಹೋದ ವರ್ಷದ ಹಳದಿ ಯಾರದು? ಊರೆಲ್ಲ ವಿಚಾರಿಸಿದೆ, ಯಾರೂ ಬೆಳೆದಿರಲಿಲ್ಲ. ಭಾನುವಾರ ತವರಿಗೆ ಊಟಕ್ಕೆ ಬಂದ ಕಲಿಸಿ ನನ್ನನ್ನು ಹಿತ್ತಲಿಗೆ ಕರೆದಳು. ಹೋದ ವರ್ಷ ವಾವಾಉ ದ್ವೀಪದಿಂದ ದೋಣಿ ಕೆಲಸಕ್ಕೆ ಬಂದಿದ್ದ ಮಾಕಾ ಎಂಬವನು ಅವಳಿಗೊಂದು ಹಳದಿ ಹಣ್ಣು ಕೊಟ್ಟಿದ್ದನಂತೆ. ತಿಂದು, ಬೀಜವನ್ನು ಅಡುಗೆಮನೆಯ ಹಿಂದೆ ಊರಿದ್ದಳು. ಬಳ್ಳಿ ಹಬ್ಬಿತು, ಹೂ ಬಿಟ್ಟಿತು. ಕಾಯಿ ಬಲಿಯುವ ಮೊದಲೇ ಹಂದಿಗಳು ತಿಂದುಹಾಕಿದವು. ಅದರ ಬಣ್ಣ ಯಾರೂ ನೋಡಲಿಲ್ಲ. ಅಷ್ಟರಲ್ಲಿ ಮಾಕಾ ಕೂಡ ಹೋಗಿಬಿಟ್ಟಿದ್ದ.

(ಮದುಮಗ ಬೇರೆಯವನು. ಇದು ಇಲ್ಲಿ ಪ್ರೇಮಕಥೆಯಾಗಲು ಹೊರಟಿತು, ಕೊರಳಪಟ್ಟಿ ಹಿಡಿದು ನಿಲ್ಲಿಸಿದೆ.)

“ಅಮ್ಮನಿಗೆ ಹೇಳ್ತೀರಾ?” ಎಂದಳು.

ಹೇಳದಿದ್ದರೆ ಫೋಲಾವು ಊರ ಬಾಯಲ್ಲಿ ಅಪರಾಧಿ. ಹೇಳಿದರೆ ಇವಳ ಹೊಸ ಮನೆಗೇ ಕುತ್ತು. ಕಥೆಗಾರನಿಗೆ ಎಲ್ಲ ಗೊತ್ತಿರುತ್ತದೆ ಎಂದವನನ್ನು ಒಮ್ಮೆ ಕರೆತನ್ನಿ, ನೋಡಬೇಕು.

೬

ಕಲಿಸಿಯ ವಿಷಯ ಬಿಟ್ಟು, ಉಳಿದದ್ದನ್ನೆಲ್ಲ ಲೂಪೆಗೆ ಹೇಳಿದೆ. ಅವರು ನೇಯುತ್ತಿದ್ದ ಚಾಪೆಯಿಂದ ತಲೆಯೆತ್ತಲಿಲ್ಲ. ಕೆಂಪು ಸತ್ತಿಲ್ಲ ಎಂದಾಗ ಮಾತ್ರ ಕೈ ನಿಂತಿತು. ಆಮೇಲೆ ನಾನು ಹೆದರಿದ್ದ ಪ್ರಶ್ನೆ ಬಂತು: ಹೋದ ವರ್ಷದ ಹಳದಿ ಯಾರದ್ದು? ನಾನು ಜೇನುಹುಳಕ್ಕೆ ಗಡಿ ಬೇಲಿ ಇಲ್ಲ, ಎಷ್ಟು ದೂರದಿಂದ ಬಂತೋ ಏನೋ ಎಂದು ತೊದಲಿದೆ.

ಲೂಪೆ ಅಡುಗೆಮನೆಯ ಹಿಂದಿನ ಖಾಲಿ ನೆಲವನ್ನು ಬಹಳ ಹೊತ್ತು ನೋಡಿದರು.

“ಹುಳ ಅಂತಲೇ ಬರೀರಿ ಮೇಷ್ಟ್ರೇ,” ಎಂದರು.

ಅವರಿಗೆ ಎಷ್ಟು ಗೊತ್ತಿತ್ತು? ನನಗೆ ಗೊತ್ತಿಲ್ಲ. ನನ್ನನ್ನು ನೋಡಬೇಡಿ.

ಕೊನೆಗಳು

ಅ) ಲೂಪೆ ಚರ್ಚಿನ ಅಂಗಳದಲ್ಲಿ ಎಲ್ಲರೆದುರು ತಮ್ಮನ ಕ್ಷಮೆ ಕೇಳಿದರು. (ಸುಳ್ಳು. ನೀವೂ ನಂಬಲಿಲ್ಲ.)

ಆ) ಫೋಲಾವು ಆಕ್ಲೆಂಡಿನ ವಿಮಾನ ಹತ್ತಿದ. (ಪಾತ್ರದ ತಕರಾರು: “ನನಗೆ ಅಲ್ಲಿನ ಚಳಿ ಆಗಿಬರಲ್ಲ.”)

ಇ) ನಾನು ಕಣ್ಣಾರೆ ಕಂಡದ್ದು. ಬಿತ್ತನೆಯ ಹೊತ್ತಿಗೆ ಲೂಪೆ ಹಳದಿ ಹಣ್ಣುಗಳ ಬೀಜವನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ತಾವೇ ತಮ್ಮನ ಮನೆಗೆ ಹೋದರು. ದೊಡ್ಡ ಅಕ್ಕ ಹಾಗೆ ಹೋಗುವುದು ಸಣ್ಣ ಮಾತಲ್ಲ. ಒಳಗೆ ಹೋಗಿ ಚಾಪೆಯ ಮೇಲೆ ಕೂತು ಗಂಟು ಬಿಚ್ಚಿದರು. ಆದರೆ ಅಕ್ಕ ಕೂತ ಕೋಣೆಯಲ್ಲಿ ತಮ್ಮ ಇರುವ ಪದ್ಧತಿ ಇಲ್ಲ. ಅವರನ್ನು ಕಂಡದ್ದೇ ಫೋಲಾವು ಎದ್ದು ಹಿಂಬಾಗಿಲಿನಿಂದ ಹೊರಗೆ ಬಂದು ನಿಂತಿದ್ದ. ಅದು ಗೌರವವೋ ಮುನಿಸೋ ಅವನ ಬೆನ್ನು ನೋಡಿ ಹೇಳಲಾಗುತ್ತಿರಲಿಲ್ಲ.

“ಅರ್ಧ ನಿನ್ನ ಹೊಲಕ್ಕೆ,” ಎಂದರು ಲೂಪೆ, ಗೋಡೆಗೆ.

ಫೋಲಾವು ನನ್ನ ಕಡೆ ತಿರುಗಿ, ಮೆಲ್ಲಗೆ, “ಇದು ಅಪ್ಪಣೇನಾ, ಇಲ್ಲ ಕೇಳ್ಕೊಳ್ತಿದಾಳಾ?” ಎಂದ.

ನಾನು ಆ ಹಿಂಬಾಗಿಲಲ್ಲಿ, ಇಬ್ಬರ ನಡುವೆ, ನಿಂತೇ ಇದ್ದೇನೆ. ಇಬ್ಬರನ್ನೂ ಒಂದೇ ಕೋಣೆಗೆ ತರುವ ವಾಕ್ಯ ಯಾವ ಭಾಷೆಯಲ್ಲಿದೆಯೋ ಹುಡುಕುತ್ತಿದ್ದೇನೆ.